ಒಂದೇ ಡಿಸ್ಕಿನ ಹಿಡಿಸಣ್ಣ

ನನ್ನ ತಮ್ಮನಿಗೆ ಅಪ್ಪ ಅಮ್ಮ ಇಟ್ಟ ಹೆಸರು ನಮ್ಮ ಬೀದಿಯಲ್ಲಿ ಯಾರಿಗೂ ನೆನಪಿಲ್ಲ. ಎಲ್ಲರ ಬಾಯಲ್ಲೂ ಅವನು ಹಿಡಿಸಣ್ಣ. ಯಾರಾದರೂ ಮನೆಯ ವಿಡಿಯೋಗಳನ್ನು ತಂದು, "ಇಷ್ಟೂ ಒಂದು ಡಿವಿಡಿಗೆ ಹಿಡಿಸುತ್ತಾ?" ಎಂದು ಕೇಳಿದರೆ ಸಾಕು, ಮಾತು ಮುಗಿಯುವ ಮೊದಲೇ "ಹಿಡಿಸ್ತೀನಿ ಬಿಡಿ" ಎನ್ನುತ್ತಿದ್ದ. ಆರು ಗಂಟೆಯ ಮದುವೆಯಾದರೂ ಅದೇ ಉತ್ತರ. ಡಿಸ್ಕಿಗೇನೋ ಹಿಡಿಸುತ್ತಿತ್ತು. ನೋಡುವವರಿಗೆ ಹಿಡಿಸುತ್ತಿತ್ತೋ ಇಲ್ಲವೋ, ಅದು ಬೇರೆ ಮಾತು.

ಅಂಗಡಿ ಎಂದರೆ ನಮ್ಮ ಮನೆಯ ಮುಂದಿನ ಕೋಣೆ. ಗೋಡೆಗೆ ಒತ್ತಿಕೊಂಡು ಉದ್ದನೆಯ ಮೇಜು, ಅದರ ಮೇಲೆ ಎರಡು ಕಂಪ್ಯೂಟರ್, ಟೇಪಿನಿಂದ ಚಿತ್ರ ಇಳಿಸಿಕೊಳ್ಳುವ ಹಳೆಯ ಯಂತ್ರಗಳು, ಮೂಲೆಯಲ್ಲಿ ಒಂದು ಪುಟ್ಟ ಟಿವಿ. ಅವನು ಯಂತ್ರಗಳನ್ನು ನೋಡಿಕೊಳ್ಳುತ್ತಾನೆ. ನಾನು ಡಿಸ್ಕುಗಳ ಮೇಲೆ ದುಂಡಗೆ ಹೆಸರು ಬರೆಯುತ್ತೇನೆ, ಬಂದವರನ್ನು ಮಾತಾಡಿಸುತ್ತೇನೆ, ಅವನನ್ನು ಬೈಯುತ್ತೇನೆ. ದಿನದಲ್ಲಿ ಹೆಚ್ಚು ಹೊತ್ತು ಹಿಡಿಯುವುದು ಮೂರನೆಯ ಕೆಲಸವೇ.

ಬೈಯದೆ ಏನು ಮಾಡಲಿ? ಒಂದು ಡಿವಿಡಿಯಲ್ಲಿ ಒಂದು ಗಂಟೆಯ ಚಿತ್ರ ಕಾಲು ಚಾಚಿಕೊಂಡು ಕೂರುತ್ತದೆ. ಎರಡು ಗಂಟೆಯಾದರೆ ಸ್ವಲ್ಪ ಮುದುಡಿಕೊಳ್ಳಬೇಕು. ನಾಲ್ಕು ಗಂಟೆ ತುರುಕಿದರೆ ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ, ಓಡಾಡುವವರ ಕೈಕಾಲು ಕಲಸಿಹೋಗುತ್ತದೆ. ಇದು ನನಗೇ ಗೊತ್ತಾದ ಮೇಲೆ ಅವನಿಗೆ ಗೊತ್ತಿಲ್ಲವೇ? ಗೊತ್ತು. ಆದರೆ ಹಿಂದೆ ನಮ್ಮ ಅಜ್ಜಿಯ ಹುಟ್ಟುಹಬ್ಬದ ವಿಡಿಯೋವನ್ನು ಎರಡು ಡಿಸ್ಕಿಗೆ ಹಾಕಿದ್ದ. ಅಜ್ಜಿ ಹಾಡು ಹೇಳಿದ್ದು ಎರಡನೆಯದರಲ್ಲಿತ್ತು. ಅದನ್ನು ಚಿಕ್ಕಪ್ಪ ಒಂದು ದಿನಕ್ಕೆಂದು ಒಯ್ದ. ಇವತ್ತಿಗೂ ಆ ಡಿಸ್ಕು ಬಂದಿಲ್ಲ, ಅಜ್ಜಿಯೂ ಇಲ್ಲ. ಅಂದಿನಿಂದ ಇವನದು ಒಂದೇ ಹಟ. "ಎರಡು ಕೊಟ್ರೆ ಒಂದು ಕಳ್ದು ಹಾಕ್ತಾರೆ ಅಕ್ಕ. ಬೇಕಾಗಿರೋದು ಕಳ್ದಿರೋದ್ರಲ್ಲೇ ಇರುತ್ತೆ." ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನ ಜೊತೆ ವಾದ ಮಾಡಿ ನನ್ನ ಗಂಟಲು ಒಣಗಿತೇ ಹೊರತು ಮೊಲಕ್ಕೆ ನಾಲ್ಕನೇ ಕಾಲು ಬರಲಿಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ ಬಸ್ ಕಂಡಕ್ಟರ್ ಒಬ್ಬಳು ಬಂದಳು. ಸಮವಸ್ತ್ರದಲ್ಲೇ ಇದ್ದಳು, ಕಂಕುಳಲ್ಲಿ ಮೂರು ವರ್ಷದ ಹೆಣ್ಣುಮಗು. ಮಗು ಕೋಣೆಯಲ್ಲಿ ಮಿನುಗುವ ಪ್ರತಿಯೊಂದು ದೀಪವನ್ನೂ ಕಣ್ಣರಳಿಸಿ ನೋಡುತ್ತಿತ್ತು. ಕಂಡಕ್ಟರಮ್ಮ ಚೀಲದಿಂದ ಒಂದು ಹಾರ್ಡ್ ಡಿಸ್ಕ್ ತೆಗೆದು ಮೇಜಿನ ಮೇಲಿಟ್ಟಳು.

"ನಮ್ಮಮ್ಮ ಕಥೆ ಹೇಳ್ತಿರೋದು, ಅಕ್ಕ. ಹನ್ನೊಂದು ಕಥೆ. ನಾನು ಚಿಕ್ಕೋಳಿದ್ದಾಗ ಅಪ್ಪ ತೆಗ್ದಿದ್ದು. ಮನೇಲಿರೋದು ಡಿವಿಡಿ ಪ್ಲೇಯರ್, ಅಮ್ಮಂಗೆ ಅದೊಂದೇ ಗೊತ್ತು."

ಅವಳ ಅಮ್ಮ ಹುಟ್ಟು ಕಿವುಡಿ, ಮಾತೆಲ್ಲ ಕೈಯಲ್ಲೇ. ಹೋದ ವರ್ಷ ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು. ಮಗುವಿಗೂ ಕಿವಿ ಕೇಳುವುದಿಲ್ಲ ಎಂದು ಈಚೆಗಷ್ಟೇ ಗೊತ್ತಾಗಿತ್ತು. ಇದೆಲ್ಲ ಅವಳು ನನಗೆ ಹೇಳಿದಳು. ನಾನು ಅಯ್ಯೋ ಪಾಪ ಎಂದೆ. ತಮ್ಮನ ಕಿವಿಗೆ ಬಿದ್ದದ್ದು ಇಷ್ಟೇ: ಮೂರು ಗಂಟೆ ನಲವತ್ತು ನಿಮಿಷ, ನಲವತ್ತೇಳು ಜಿಬಿ. ನಾಲ್ಕೂಚಿಲ್ಲರೆ ಹಿಡಿಯುವ ಡಿಸ್ಕು. ಅವನ ಕಣ್ಣು ಹೊಳೆಯಿತು.

"ಹಿಡಿಸ್ತೀನಿ ಬಿಡಿ," ಎಂದ.

ಅವನ ದೊಡ್ಡ ದೋಷವೆಂದರೆ ಅವನು ವಿಡಿಯೋ ನೋಡುವುದಿಲ್ಲ, ಅಳೆಯುತ್ತಾನೆ. ಅವನನ್ನೊಬ್ಬನನ್ನೇ ಏಕೆ ದೂರಲಿ? ಎಲ್ಲ ಕೇಳಿಸಿಕೊಂಡಿದ್ದ ನನಗೂ ಹೊಳೆಯಲಿಲ್ಲ. ಡಿಸ್ಕಿನ ಮೇಲೆ "ಅಮ್ಮನ ಕಥೆಗಳು" ಎಂದು ಚೆಂದವಾಗಿ ಬರೆದುಕೊಟ್ಟೆ.

ಹತ್ತು ದಿನ ಬಿಟ್ಟು ಅವಳು ತಿರುಗಿ ಬಂದಳು. ಮುಖ ಬಾಡಿತ್ತು.

"ಅಣ್ಣಾ, ಡಿಸ್ಕಲ್ಲಿ ನಮ್ಮಮ್ಮ ತೊದಲ್ತಾಳೆ."

ತಮ್ಮ ತಲೆ ಎತ್ತಲೂ ಇಲ್ಲ. "ಸೌಂಡ್ ತೊಂದ್ರೆ ಇರ್ಬೇಕು. ಸರಿ ಮಾಡ್ತೀನಿ ಬಿಡಿ."

ನನಗೆ ಎಲ್ಲಿತ್ತೋ ಕೋಪ. "ಲೋ! ಅವರಮ್ಮ ಬಾಯಲ್ಲಿ ಮಾತಾಡಲ್ಲ ಕಣೋ, ಕೈಯಲ್ಲಿ! ಒಂದು ಸಲ ಹಾಕಿ ನೋಡೋ ಪುಣ್ಯಾತ್ಮ!"

ಹಾಕಿ ನೋಡಿದ. ನಾವೂ ನೋಡಿದೆವು. ಕುರ್ಚಿಯ ಮೇಲೆ ಕೂತ ನಡುವಯಸ್ಸಿನ ಹೆಂಗಸು, ಪಕ್ಕದಲ್ಲಿ ಕಿಟಕಿ. ಮುಖ ಸ್ವಚ್ಛವಾಗಿತ್ತು, ನಗು ಇನ್ನೂ ಚೆನ್ನಾಗಿತ್ತು. ಆದರೆ ಅವರು ಕೈ ಎತ್ತಿ ಕಥೆ ಶುರು ಮಾಡಿದ ಕೂಡಲೇ ಐದು ಬೆರಳೂ ಸೇರಿ ಒಂದು ಮುದ್ದೆಯಾಗುತ್ತಿದ್ದವು. ಕೈ ನಿಂತಾಗ ಬೆರಳು ಬರುತ್ತಿತ್ತು, ಆಡಿದಾಗ ಮಾಯವಾಗುತ್ತಿತ್ತು.

"ಮುಖ ನೀಟಾಗಿದೆ ಅಲ್ವಾ," ಎಂದ ತಮ್ಮ, ದನಿ ತಗ್ಗಿಸಿ.

ಕಂಡಕ್ಟರಮ್ಮ ತನ್ನ ಹೆಬ್ಬೆರಳನ್ನೂ ತೋರುಬೆರಳನ್ನೂ ತುಟಿಯ ಹತ್ತಿರ ಕೊಕ್ಕಿನಂತೆ ಎರಡು ಸಲ ಮುಚ್ಚಿ ತೆರೆದಳು. "ನಮ್ಮನೇಲಿ ಇದು ಹಕ್ಕಿ." ಆಮೇಲೆ ಮುಷ್ಟಿಯನ್ನು ಬಾಯಿಗಿಟ್ಟಳು. "ಇದು ಔಷಧಿ. ನಿಮ್ಮ ಡಿಸ್ಕ್ ನೋಡಿ ನೋಡಿ, ಕಿಟಕೀಲಿ ಹಕ್ಕಿ ಕೂತ್ರೆ ಮಗು ಔಷಧಿ ಅಂತಾಳೆ."

ನನಗೆ ನಗು ಬಂತು, ಆದರೆ ಅವಳ ಕಣ್ಣು ನೋಡಿ ಅಲ್ಲೇ ನಿಂತಿತು.

"ಡಾಕ್ಟರು ಹೇಳಿದಾರೆ ಅಕ್ಕ, ಬಾಯಿದೋ ಕೈದೋ, ಯಾವುದಾದ್ರೂ ಒಂದು ಮಾತು ಈ ವಯಸ್ಸಲ್ಲೇ ಮಗುಗೆ ಕೂರ್ಬೇಕು ಅಂತ. ನಾನು ಬೆಳಗ್ಗೆ ಹೋದ್ರೆ ಬರೋದು ಸಂಜೆ. ನಂಗೆ ಕೈಮಾತಲ್ಲಿ ಬರೋದೂ ಊಟ, ನಿದ್ದೆ, ಬೈಗುಳ ಅಷ್ಟೇ. ಕಥೆ ಅಮ್ಮಂಗೇ ಸೈ. ಅಮ್ಮನೋ, ಬಲಗೈ ಬಿದ್ಮೇಲೆ ಮಾತೇ ಬಿಟ್ಟಿದಾಳೆ. ಎಡಗೈಲಿ ಹೇಳಮ್ಮ ಅಂದ್ರೆ, ವಕ್ರವಕ್ರ ಬರುತ್ತೆ ಅಂತ ನಾಚ್ಕೊಂಡು ಕೈನ ಸೆರಗಲ್ಲಿ ಬಚ್ಚಿಡ್ತಾಳೆ. ಮೊನ್ನೆ ಮಗು ಮುಷ್ಟಿ ಹಿಡ್ದಿದ್ದು ನೋಡಿ ಅವಳೇ ಎದ್ದು ಟಿವಿ ಆರಿಸ್ಬಿಟ್ಲು."

ಅವಳು ಹೋದ ಮೇಲೆ ನಾನು ತಮ್ಮನನ್ನು ಬೈಯಲಿಲ್ಲ. ಅವನು ಬೈಸಿಕೊಳ್ಳುವ ಸ್ಥಿತಿಯಲ್ಲೇ ಇರಲಿಲ್ಲ. ಅಂಗಡಿ ಇಟ್ಟ ಹನ್ನೆರಡು ವರ್ಷದಲ್ಲಿ ಅವನು ಎಷ್ಟು ಮನೆಗಳ ಮುಖಗಳನ್ನು ಹಿಂಡಿ ಕೊಟ್ಟಿದ್ದನೋ. ಜನ ತಮ್ಮನ್ನು ತಾವು ಟಿವಿಯಲ್ಲಿ ಕಂಡ ಖುಷಿಗೆ ಏನೂ ಅನ್ನುತ್ತಿರಲಿಲ್ಲ. ಈಗ ಮೊದಲ ಬಾರಿಗೆ, ಒಂದು ಮಗು ಅವನ ಕೆಲಸವನ್ನು ಚೂರೂ ಬಿಡದೆ ನೋಡಿ, ಅದರ ತಪ್ಪನ್ನೇ ಕಲಿತಿತ್ತು.

ಮಾರನೇ ಬೆಳಗ್ಗೆಯಿಂದ ಹನ್ನೊಂದು ಕಥೆಗಳನ್ನೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡತೊಡಗಿದ. ನಾಲ್ಕನೇ ದಿನ ಊಟದ ತಟ್ಟೆ ಬಿಟ್ಟು ಕೂಗಿದ: "ಅಕ್ಕಾ, ಕಳ್ಳ ಸಿಕ್ದ!"

ಕಳ್ಳ ಯಾರೆಂದರೆ ಕಿಟಕಿಯ ಪರದೆ. ಫ್ಯಾನಿನ ಗಾಳಿಗೆ ಅದು ಮೂರು ಗಂಟೆ ನಲವತ್ತು ನಿಮಿಷವೂ ಪಟಪಟ ಹಾರಾಡುತ್ತಿತ್ತು. ಕಂಪ್ಯೂಟರಿಗೆ ಯಾವುದು ಪರದೆ, ಯಾವುದು ಅಮ್ಮನ ಕೈ ಎಂದು ಏನು ಗೊತ್ತು? ಅಲ್ಲಾಡುವುದಕ್ಕೆಲ್ಲ ಜಾಗ ಹಂಚುತ್ತದೆ. ಬೆರಳಿಗೆ ಹೋಗಬೇಕಾದ್ದನ್ನೆಲ್ಲ ಪರದೆ ತಿಂದು ತೇಗಿತ್ತು. ಅವನು ಪರದೆಯ ಭಾಗವನ್ನು ಕಪ್ಪು ಪಟ್ಟಿ ಹಾಕಿ ಮುಚ್ಚಿದ. ಕಂಪ್ಯೂಟರ್ ಮೊದಲು ಪೂರ್ತಿ ಚಿತ್ರ ಓದಿ, ಎಲ್ಲಿ ಚಲನೆ ಹೆಚ್ಚಿದೆ ಎಂದು ಗುರುತು ಹಾಕಿಕೊಂಡು, ಎರಡನೇ ಸಲ ಬರೆಯುವಂತೆ ಮಾಡಿದ. ಅದೂ ಸಾಲದೆ, ಜಾಗ ಉಳಿಯಲೆಂದು ಇನ್ನೊಂದು ಬುದ್ಧಿವಂತಿಕೆ ಮಾಡಿದ. ಅದನ್ನು ನನಗೆ ಹೇಳಲಿಲ್ಲ.

ಕಂಡಕ್ಟರಮ್ಮ ಬಂದು ಅಂಗಡಿಯ ಟಿವಿಯ ಮುಂದೆ ಕೂತಳು. ಬೆರಳುಗಳು ಬಂದಿದ್ದವು! ಭರದಲ್ಲಿ ಕೈಬೀಸುವ ಕಡೆ ಮಾತ್ರ ಕೊಂಚ ಮಸುಕು. ಅವಳ ಮುಖ ಅರಳಿತು. ಅರ್ಧ ನಿಮಿಷದಲ್ಲಿ ಆ ಮುಖ ಹಾಗೇ ಇಳಿಯಿತು. "ಅಣ್ಣ, ಶಬ್ದ ಎಲ್ಲಿ?"

"ತೆಗ್ದೆ," ಎಂದ ಹಿಡಿಸಣ್ಣ ಹೆಮ್ಮೆಯಿಂದ. "ನಿಮ್ಮಮ್ಮಂಗೂ ಕೇಳ್ಸಲ್ಲ, ಮಗುಗೂ ಕೇಳ್ಸಲ್ಲ. ಕೇಳೋರೇ ಇಲ್ಲದ ಮನೆಗೆ ಶಬ್ದ ಯಾಕೆ, ಬೆರಳಿಗೇ ಜಾಗ ಇರ್ಲಿ ಅಂತ."

ಅವಳು ಅವನ ಕಡೆ ತಿರುಗಿದಳು. "ಕೇಳೋಳು ನಾನೊಬ್ಳು ಇದೀನಲ್ಲಣ್ಣ. ಕ್ಯಾಮೆರಾ ಹಿಂದೆ ನಮ್ಮಪ್ಪ ನಗ್ತಾನೆ. ಅವನದು ಅಂತ ಉಳಿದಿರೋದು ಅದೊಂದೇ ನಗು."

ಭೂಮಿ ಬಾಯಿಬಿಟ್ಟರೆ ಸಾಕು ಎನ್ನುವಂತೆ ನಿಂತ ನನ್ನ ತಮ್ಮ. ಆಮೇಲೆ, ನನ್ನ ಈ ಎರಡು ಕಿವಿ ಎಂದೂ ಕೇಳದ ಮಾತು ಅವನ ಬಾಯಿಂದ ಬಂತು.

"ಎಲ್ಲಾ ಬೇಕು ಅಂದ್ರೆ... ಒಂದ್ರಲ್ಲಿ ಹಿಡ್ಸಲ್ಲಮ್ಮ."

"ಹಾಗಾದ್ರೆ ನಾಲ್ಕು ಮಾಡೋ!" ಎಂದೆ ನಾನು.

"ಅವರಮ್ಮಂಗೆ ಇರೋದು ಒಂದು ಕೈ ಅಕ್ಕ. ಗಂಟೆಗೊಂದು ಸಲ ಎದ್ದು, ಡಿಸ್ಕ್ ತೆಗ್ದು, ಇನ್ನೊಂದು ಹಾಕಿ... ಬಿದ್ದು ಗೀರಾಯ್ತು ಅಂದ್ರೆ?"

ಆಗ ನನಗೆ ಒಂದು ವಿಷಯ ತಲೆಗೆ ಹೋಯಿತು. ಇಷ್ಟು ದಿನ ನಾವು ಜಿಬಿ ಎಣಿಸಿದ್ದೆವು, ನಿಮಿಷ ಎಣಿಸಿದ್ದೆವು, ಮಗುವಿನ ಬಗ್ಗೆ ಒಂದು ಮಾತೂ ಕೇಳಿರಲಿಲ್ಲ. "ಅಲ್ಲಮ್ಮಾ, ನಿನ್ನ ಮಗಳು ದಿನಕ್ಕೆ ಎಷ್ಟು ಕಥೆ ನೋಡ್ತಾಳೆ?"

"ಒಂದೇ. ಅದನ್ನೇ ಮತ್ತೆ ಮತ್ತೆ. ಬೇರೆ ಕಥೆ ಬಂದ್ರೆ ರಂಪ ಮಾಡ್ತಾಳೆ."

ತಮ್ಮ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಇಬ್ಬರೂ ಇಂಗು ತಿಂದ ಮಂಗಗಳು. ಬೆಳಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಕಂಡಕ್ಟರಮ್ಮನೇ ಅವತ್ತಿನ ಡಿಸ್ಕ್ ಹಾಕಿಟ್ಟು ಹೋದರೆ ಮುಗಿಯಿತು. ಸಂಜೆಯವರೆಗೆ ಯಾರೂ ಡಿಸ್ಕ್ ಬದಲಾಯಿಸಬೇಕಾಗಿಲ್ಲ, ಅದೇ ಕಥೆ ಮತ್ತೆ ಬೇಕೆಂದರೆ ಅವರಮ್ಮ ರಿಮೋಟಿನ ಒಂದು ಗುಂಡಿ ಒತ್ತಿದರೆ ಸಾಕು.

ಹನ್ನೊಂದು ಕಥೆ ನಾಲ್ಕು ಡಿಸ್ಕಿಗೆ ಹೋದವು, ಒಂದೊಂದರಲ್ಲಿ ಒಂದು ಗಂಟೆ ಮೀರದಂತೆ. ಅಪ್ಪನ ನಗು ವಾಪಸ್ ಬಂತು. ಕಪ್ಪು ಪಟ್ಟಿಯನ್ನೂ ತಮ್ಮ ತೆಗೆದುಹಾಕಿದ. "ಈಗ ಜಾಗ ಇದೆ, ಪರದೆ ಹಾರಾಡ್ಕೊಂಡು ಸಾಯ್ಲಿ," ಎಂದ. ಕಂಪ್ಯೂಟರಿನಲ್ಲಿ ನೋಡಿದ್ದಕ್ಕೂ ಡಿಸ್ಕಿನಲ್ಲಿ ನೋಡಿದ್ದಕ್ಕೂ ನನ್ನ ಕಣ್ಣಿಗೆ ಕೂದಲೆಳೆಯ ವ್ಯತ್ಯಾಸ ಕಾಣಲಿಲ್ಲ. ಓದಲು ಬಾರದ ಮಗುವಿಗೆಂದು ನಾನು ಡಿಸ್ಕುಗಳ ಮೇಲೆ ಹೆಸರು ಬರೆಯದೆ ಚಿತ್ರ ಬಿಡಿಸಿದೆ. ನನ್ನ ಕುದುರೆ ನಾಯಿಯಂತಿದೆ ಎಂದು ತಮ್ಮ ಹೇಳಿದ. ಅವನ ಮಾತಿಗೆ ಯಾರು ಸೊಪ್ಪು ಹಾಕುತ್ತಾರೆ?

ಕಂಡಕ್ಟರಮ್ಮನ ರಜೆಯ ದಿನ ನಾವಿಬ್ಬರೇ ಅವರ ಮನೆಗೆ ಡಿಸ್ಕುಗಳನ್ನು ಒಯ್ದೆವು. ಮೂರನೇ ಮಹಡಿ, ಚಿಕ್ಕ ಕೋಣೆ, ಟಿವಿಯ ಎದುರು ಚಾಪೆ. ಮಗುವಿನ ಅಜ್ಜಿ ಕುರ್ಚಿಯಲ್ಲಿ ಕೂತಿದ್ದರು. ನಮ್ಮನ್ನು ಕಂಡು ತಲೆಯಾಡಿಸಿ ನಕ್ಕರು, ಎಡಗೈ ಸೆರಗಿನೊಳಗೇ ಇತ್ತು. ಹಕ್ಕಿಯ ಕಥೆ ಶುರುವಾಯಿತು. ಮಗು ಚಾಪೆಯ ಮೇಲೆ ಕೂತು ನೋಡಿತು. ಕಥೆ ಮುಗಿಯಿತು, ತಾಯಿ ಮತ್ತೆ ಹಾಕಿದಳು. ಮುಗಿಯಿತು, ಮತ್ತೆ ಹಾಕಿದಳು. ಮಗುವಿನ ಮುಷ್ಟಿ ಬಾಯಿಯ ಹತ್ತಿರ ಹೋಯಿತು. ನನ್ನ ತಮ್ಮ ಉಸಿರು ಬಿಗಿಹಿಡಿದ. ಮಗು ಟಿವಿಯನ್ನು ನೋಡಿತು, ತನ್ನ ಕೈಯನ್ನು ನೋಡಿತು. ಮುಷ್ಟಿ ಬಿಚ್ಚಿತು. ಹೆಬ್ಬೆರಳೂ ತೋರುಬೆರಳೂ ಮೆಲ್ಲಗೆ ಒಂದನ್ನೊಂದು ಹುಡುಕಿಕೊಂಡು ಬಂದು ಕೂಡಿದವು.

"ಹಕ್ಕಿ!" ಎಂದು ಕಿರುಚಿದವಳು ನಾನು.

ಅಷ್ಟರಲ್ಲಿ ತಮ್ಮ ಹಣೆ ಚಚ್ಚಿಕೊಂಡ. "ಅಯ್ಯೋ ಅಕ್ಕಾ, ಮತ್ತೆ ಎಡವಟ್ಟಾಯ್ತು! ಅವರು ಬಲಗೈಲಿ ಹೇಳ್ತಿದ್ರೆ ಮಗು ಎಡಗೈಲಿ ಮಾಡ್ತಿದೆ ನೋಡು, ಕನ್ನಡೀಲಿ ನೋಡಿ ಮಾಡಿದ ಹಾಗೆ. ಚಿತ್ರಾನ ಎಡಬಲ ತಿರುಗಿಸಿ ಇನ್ನೊಂದು ಸಲ ಮಾಡ್ಕೊಡ್ತೀನಿ." ಡಿಸ್ಕ್ ತೆಗೆಯಲು ಎದ್ದೇಬಿಟ್ಟ.

ಕಂಡಕ್ಟರಮ್ಮ ಅವನ ತೋಳು ಹಿಡಿದು ನಿಲ್ಲಿಸಿದಳು. "ಬೇಡ ಅಣ್ಣ. ಅಮ್ಮನ್ನ ನೋಡಿ."

ಮಗು ಅಜ್ಜಿಯ ಕಡೆ ತಿರುಗಿ ತನ್ನ ಪುಟ್ಟ ಎಡಗೈಯಲ್ಲಿ ಕೊಕ್ಕು ತೋರಿಸುತ್ತಿತ್ತು. ಅಜ್ಜಿ ಆ ಕೈಯನ್ನೇ ದಿಟ್ಟಿಸಿದರು. ಸೆರಗು ಸರಿಯಿತು. ಅವರ ಎಡಗೈ ಹೊರಗೆ ಬಂದು ಮೊದಲು ಮಗುವಿನ ಹೆಬ್ಬೆರಳನ್ನು ಒಂದಿಷ್ಟು ಕೆಳಗಿಳಿಸಿ ಸರಿಮಾಡಿತು. ಆಮೇಲೆ ತಾನೂ ಮೇಲೆದ್ದಿತು. ನಡುಗುತ್ತಾ, ವಕ್ರವಾಗಿ, ತುಟಿಯ ಹತ್ತಿರ ಒಂದು ಹಕ್ಕಿ. ಮಗು ಕೇಕೆ ಹಾಕಿ ನಕ್ಕಿತು. ಅಜ್ಜಿ ಮುಂದುವರಿಸಿದರು. ಹಕ್ಕಿ ಕಿಟಕಿಗೆ ಬಂತು, ಕಾಳು ಹೆಕ್ಕಿತು, ಹಾರಿಹೋಯಿತು. ಮಗುವಿನ ಎಡಗೈ ಅದರ ಹಿಂದೆಯೇ ಹಾರಿತು. ಕಂಡಕ್ಟರಮ್ಮ ಗೋಡೆಗೆ ಒರಗಿ ಮುಖ ಮುಚ್ಚಿಕೊಂಡು ಅತ್ತಳು. ನಾನೂ ಅತ್ತೆ, ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಟಿವಿಯಲ್ಲಿ ಕಥೆ ತನ್ನ ಪಾಡಿಗೆ ತಾನು ನಡೆದಿತ್ತು. ಮಗು ಅದಕ್ಕೆ ಬೆನ್ನು ಹಾಕಿ ಕೂತಿತ್ತು.

"ಇಷ್ಟು ಒದ್ದಾಡಿ ಒಂದೊಂದು ಬೆರಳೂ ಕಾಣೋ ಹಾಗೆ ಮಾಡಿದೀನಿ," ಎಂದು ತಮ್ಮ ನನ್ನ ಕಿವಿಯಲ್ಲಿ ಪಿಸುಗುಟ್ಟಿದ. ಅವನ ಕೆನ್ನೆಯೂ ಒದ್ದೆಯಾಗಿತ್ತು. "ಯಾರೂ ಟಿವಿ ಕಡೆ ನೋಡ್ತಾನೇ ಇಲ್ವಲ್ಲಕ್ಕ."

"ಬಾಯ್ಮುಚ್ಕೊಂಡು ಕೂತ್ಕೊಳೋ," ಎಂದೆ. "ಅಜ್ಜಿ ಕಥೆ ಹೇಳ್ತಿದಾರೆ."