ಒಡಪಿನಲ್ಲಿ ಬಂದ ಹೆಸರು

ನಮ್ಮ ಕಡೆ ಹೆಂಗಸರು ಗಂಡನ ಹೆಸರು ಬಾಯಿಬಿಟ್ಟು ಹೇಳುವುದಿಲ್ಲ. ಮದುವೆ, ಬಸುರಿಯ ಕುಬಸಗಳಲ್ಲಿ ಬಾಗಿಲಿಗೆ ಅಡ್ಡ ನಿಂತು ಕಾಡಿದರೆ ಮಾತ್ರ ಒಡಪು ಕಟ್ಟಿ, ಪ್ರಾಸದ ಕೊನೆಗೆ ಹೆಸರು ಸಿಕ್ಕಿಸಿ ಒಳಗೆ ಓಡುತ್ತಾರೆ. ಗಂಡ ಸತ್ತ ಮೇಲೆ ಅದೂ ಇಲ್ಲ. ಇದನ್ನೆಲ್ಲ ಅಜ್ಜಿಯ ಮಗ್ಗುಲಲ್ಲಿ ಕೂತು ಕಲಿತವನು ನಾನು. ಆದರೂ ಮಖ್ತಲ್‌ನ ಆ ಮುದುಕಿಯ ಮುಂದೆ ಪೆನ್ನು ಹಿಡಿದು, "ಯಜಮಾನರ ಹೆಸರೇನ್ರೀ?" ಅಂದುಬಿಟ್ಟೆ.

ನಿಜಾಮನ ರಾಜ್ಯ ಮುಗಿದ ಯುದ್ಧದ ದಿನಗಳಲ್ಲಿ ನಾರಾಯಣಪೇಟೆಯಲ್ಲಿ ಸತ್ತವರಿಗೆ ಕಲ್ಲು ನಿಲ್ಲಿಸಬೇಕೆಂದು ಪೇಟೆಯ ದೊಡ್ಡವರು ಕಮಿಟಿ ಮಾಡಿ, ಹೆಸರು ಹುಡುಕುವ ಕೆಲಸ ನನಗೆ ಹಚ್ಚಿದ್ದರು. ಈಕೆಯ ಗಂಡ ನೇಕಾರ. ನೂಲು ತರಲು ನಾರಾಯಣಪೇಟೆಗೆ ಹೋದವನು ಗುಂಡೇಟಿಗೆ ಸತ್ತ. ಯಾವ ದಫ್ತರದಲ್ಲೂ ಅವನಿಲ್ಲ. ಹಳಬರಿಗೂ ಅವನು ಬರೀ "ಕುಂಟ ನೇಕಾರ". ಹೆಸರು ಬಲ್ಲವಳು ಈಕೆ ಒಬ್ಬಳೇ.

"ಎಪ್ಪತ್ತು ವರ್ಷ ಬಾಯಾಗ ತಂದಿಲ್ಲ. ಈಗ ನಿನ್ನ ಮುಂದ ತರ್ಲೇನು?"

"ಒಡಪಿನ್ಯಾಗ ಹೇಳಬೇ."

"ರಂಡಮುಂಡಿ ಒಡಪು ಹೇಳಿದ್ರ ಊರು ನಗತೈತಿ."

"ಇಲ್ಲಿ ನಾನೊಬ್ಬನೇ. ನಾ ನಗಂಗಿಲ್ಲ."

"ನಿನ್ನ ಮಾರಿ ನೋಡಿದ್ರ ನನಗ ನಗು ಬರತೈತಿ," ಅಂದಳು. ಆಮೇಲೆ ಸೆರಗು ತಲೆಗೆಳೆದು ಗೋಡೆಯ ಕಡೆ ತಿರುಗಿದಳು.

"ಕೆಂಪು ಸೀರಿಗೆ ಹಳದಿ ಅಂಚು, ಲಾಳಿ ಓಡಿದ್ರ ಮಿಂಚು..."

ಹೆಸರು ಬಂತು, ಹದಿನೈದರ ಸೊಸೆಯ ದನಿಯಲ್ಲಿ.

"ಕಲ್ಲಿನ ಮ್ಯಾಲ ಬರಸು. ಬ್ಯಾರೆ ಎಲ್ಲೂ ಆಡಬ್ಯಾಡ, ಬರೀಬ್ಯಾಡ," ಅಂದಳು. ಆಣೆ ಮಾಡಿದೆ.

ಕಲ್ಲು ಗದ್ವಾಲದಲ್ಲಿ ಕೆತ್ತಿಸುವುದಿತ್ತು. ಅದರ ಹಿಂದಿನ ದಿನ ಕಮಿಟಿಯ ಅಧ್ಯಕ್ಷರು ಕರಡು ತೋರಿಸಿದರು. ಅನಾವರಣ ಮಾಡುವವರು, ಅಧ್ಯಕ್ಷತೆಯವರು, ಮುಖ್ಯ ಅತಿಥಿಗಳು ಅರ್ಧ ಕಲ್ಲು ತಿಂದಿದ್ದರು. ಸತ್ತವರ ಪಟ್ಟಿ ಮೊಟಕಾಗಿ "ಮತ್ತು ಇತರರು" ಎಂದು ಮುಗಿದಿತ್ತು. ಕೆಳಗೆ ಕೊನೆಯ ಸಾಲಿನಲ್ಲಿ, ಹೆಸರುಗಳ ಸಂಗ್ರಹಕಾರ ಎಂದು ನಾನು.

"ಆ ನೇಕಾರಂದು?"

"ಜಾಗ ಎಲ್ಲೈತ್ರೀ ಮಾಸ್ತರ? ಇತರರೊಳಗ ಬಂದನಲ್ಲ."

ನನ್ನದು ತೆಗೆದು ಅವನದು ಹಾಕ್ರಿ ಅಂದಿದ್ದರೆ ಜಾಗ ಆಗುತ್ತಿತ್ತು. ಮಾತು ನಾಲಿಗೆಯವರೆಗೆ ಬಂತು. ಅವರು ಕೊಟ್ಟ ಚಹಾ ಕುಡಿದು ಎದ್ದು ಬಂದೆ.

ಅನಾವರಣಕ್ಕೆ ಆಕೆ ನೆರೆಮನೆಯವಳ ಕೈಹಿಡಿದು ಬಸ್ಸಿನಲ್ಲಿ ಬಂದಳು. ಇಬ್ಬರಿಗೂ ಓದು ಬಾರದು. ದೊಡ್ಡವರೆಲ್ಲ ಊಟಕ್ಕೆ ಹೋದ ಮೇಲೆ ಕಲ್ಲಿನ ಹತ್ತಿರ ಬಂದು, "ಎಲ್ಲಿ ಐತಪ್ಪಾ?" ಅಂದಳು. ಬಾಗಿದ ನಡುವಿನ ಆಕೆಗೆ ಎಟುಕುತ್ತಿದ್ದುದು ಕೊನೆಯ ಸಾಲೊಂದೇ. ಬೆರಳು ಹಿಡಿದು ಅಲ್ಲೇ ಇಟ್ಟೆ.

ಆಕೆ ಧೂಳು ಒರೆಸಿ, ಒಂದೊಂದೇ ಅಕ್ಷರ ಸವರಿದಳು. "ಛಲೋ ಕೆತ್ತ್ಯಾರ," ಅಂದಳು. ಆಮೇಲೆ ಸೆರಗು ತಲೆಗೆಳೆದು, ನನ್ನ ಹೆಸರಿನ ಮುಂದೆ ನಾಚಿ ಮುಖ ತಿರುಗಿಸಿದಳು.

ಹೋದ ಚಳಿಗಾಲ ತೀರಿಕೊಂಡಳು. ಅವನ ಹೆಸರು ಈಗ ನನಗೊಬ್ಬನಿಗೇ ಗೊತ್ತು. ಆಣೆ ಮಾಡಿದ್ದೇನೆ, ಇಲ್ಲಿ ಬರೆಯುವ ಹಾಗಿಲ್ಲ.