ಬೆಳಕು ನಿಲ್ಲಿಸುವ ಗಾಜು

ನಮ್ಮ ಪ್ರಯೋಗಾಲಯದಲ್ಲಿ ಬೆಳಕನ್ನೇ ತಡೆದು ನಿಲ್ಲಿಸುತ್ತೇವೆ. ಹೆಬ್ಬೆರಳ ಗಾತ್ರದ ಗಾಜಿನ ಕೊಳವೆಯೊಳಗೆ ರುಬಿಡಿಯಮ್ ಎಂಬ ಲೋಹದ ಆವಿ. ಒಂದು ಲೇಸರ್ ಹಾಯಿಸಿ ಅದರ ಪರಮಾಣುಗಳನ್ನೆಲ್ಲ ಒಂದೇ ತಾಳಕ್ಕೆ ತಂದರೆ, ಜೊತೆಗೆ ಕಳಿಸಿದ ಬೆಳಕಿನ ತುಣುಕು ಆಮೆಯಂತೆ ತೆವಳುತ್ತದೆ. ಆಗ ಲೇಸರ್ ಆರಿಸಿದರೆ ತುಣುಕಿನ ಗುರುತು ಪರಮಾಣುಗಳಲ್ಲೇ ಉಳಿಯುತ್ತದೆ. ಮತ್ತೆ ಹಚ್ಚಿದರೆ ಬೆಳಕಾಗಿ ಹೊರಬರುತ್ತದೆ. ಇಷ್ಟು ದೊಡ್ಡ ವಿದ್ಯೆ ನಿಂತಿದ್ದುದು ಗಾಜಿನಕ್ಕನ ಉಸಿರಿನ ಮೇಲೆ.

ಇಪ್ಪತ್ತೆರಡು ವರ್ಷಗಳಿಂದ ಆ ಕೊಳವೆಗಳನ್ನು ಊದಿ, ಆವಿ ತುಂಬಿ, ಬಾಯಿ ಬೆಸೆಯುತ್ತಿದ್ದವಳು ಅವಳೇ. ಅವಳಿಗೆ ಕಸುಬು ಕಲಿಸಿದ ಅಪ್ಪ ಅದೇ ಉರಿಯ ಮುಂದೆ ಕೂತು ಕೂತು ಕಣ್ಣು ಕಳೆದುಕೊಂಡು ಮನೆ ಸೇರಿದ್ದರು. ದಿನಾ ಸಂಜೆ ಅವರದು ಒಂದೇ ಪ್ರಶ್ನೆ: ಇವತ್ತಿನ ಬೆಸುಗೆ ಹೇಗೆ ಬಂತು?

ಕಳೆದ ವರ್ಷ ವಿಚಿತ್ರವೊಂದು ಶುರುವಾಯಿತು. ನಾವಷ್ಟೇ ಇದ್ದಾಗ ಬೆಳಕು ನಿಲ್ಲುತ್ತಿತ್ತು. ಪ್ರಯೋಗಾಲಯದ ಮುಖ್ಯಸ್ಥರಾದ ದೊಡ್ಡ ಸಾರ್ ಬಂದು ಮೇಜಿಗೆ ಕುರ್ಚಿ ಎಳೆದುಕೊಂಡರೆ ನಿಲ್ಲುತ್ತಿರಲಿಲ್ಲ. ಅಷ್ಟೊಂದು ಪ್ರಬಂಧ ಬರೆದ ತಲೆಗೆ ತಾನೇ ಕಾರಣವಿರಬಹುದೆಂದು ಹೊಳೆಯುವುದುಂಟೆ? ಕೊಳವೆ ಸರಿಯಿಲ್ಲ, ಬೇರೆ ಊದು ಎಂದರು. ಏಳನೆಯದೂ ಕೈಕೊಟ್ಟ ದಿನ, ಇನ್ನು ಕೊಳವೆ ಹೊರಗಿನಿಂದ ತರಿಸೋಣ, ಊದುವವರ ಹುದ್ದೆಯೇ ಬೇಡ ಎಂದು ಮೇಲಿನವರಿಗೆ ಕಾಗದ ಬರೆದರು. ಗಾಜಿನಕ್ಕನಿಗೆ ಊಟ ಸೇರದಾಯಿತು. ಕೆಲಸ ಹೋಗುವುದು ಒಂದು ಸಂಕಟ, ಕೈ ಕೆಟ್ಟಿತೆಂದು ಅಪ್ಪನಿಗೆ ಹೇಳುವುದು ಅದಕ್ಕಿಂತ ದೊಡ್ಡದು.

ಸಾರ್ ಎದುರಿಗೇ ಎಂಟನೆಯದನ್ನು ಕೂರಿಸುವಾಗ ಅವಳ ಕೈಯಿಂದ ಸ್ಕ್ರೂ ಜಾರಿತು. ಮೇಜಿನಡಿ ಬಗ್ಗಿ ನೋಡಿದರೆ ಅದು ಸಾರ್ ಮಂಡಿಗೆ ಕಚ್ಚಿಕೊಂಡು ಕೂತಿದೆ!

"ಸಾರ್, ಪ್ಯಾಂಟಿನೊಳಗೆ ಏನಿದೆ?"

"ಮಂಡಿನೋವಮ್ಮ. ಆಯಸ್ಕಾಂತದ ಪಟ್ಟಿ, ನಮ್ಮತ್ತೆ ಕೊಟ್ಟಿದ್ದು. ಬೇಡ ಅನ್ನೋಕಾಗುತ್ತಾ?"

ಆಯಸ್ಕಾಂತ ಹತ್ತಿರ ಬಂದರೆ ಪರಮಾಣುಗಳ ತಾಳ ತಪ್ಪುತ್ತದೆಂದು ನಮಗೆಲ್ಲ ಪಾಠ ಹೇಳಿದವರೇ ಅವರು. ಪಟ್ಟಿ ಬಿಚ್ಚಿ ಹೊರಗಿಟ್ಟು ಬಂದರು. ಬೆಳಕು ನಿಂತಿತು. ಹಳೆಯ ಏಳನ್ನೂ ಒಂದೊಂದಾಗಿ ಕೂರಿಸಿ ನೋಡಿದೆವು, ಏಳರಲ್ಲೂ ನಿಂತಿತು. ಸಾರ್ ಚಪ್ಪಾಳೆ ತಟ್ಟಿದರು.

"ಹಾಗಾದ್ರೆ ಆ ಕಾಗದ ವಾಪಸ್ ತಗೊಳ್ಳಿ ಸಾರ್," ಎಂದಳು ಗಾಜಿನಕ್ಕ.

"ಅದು ನಿನ್ನೆನೇ ಮಂಜೂರಾಗಿ ಬಂತಲ್ಲಮ್ಮ. ಮೇಲಿಂದ ಬಂದ ಆರ್ಡರನ್ನ ನಿಲ್ಲಿಸೋಕೆ ಯಾರ ಕೈಲಾಗುತ್ತೆ?"

ನನಗೆ ಮೈಯೆಲ್ಲ ಉರಿಯಿತು. ಆದರೂ ತಲೆ ತಗ್ಗಿಸಿ ಲೇಸರ್ ಆರಿಸಿದೆ. ನನ್ನ ಹುದ್ದೆಯೂ ಅವರ ಒಂದು ಕಾಗದದಷ್ಟೇ ದೂರದಲ್ಲಿತ್ತು.

"ನಮ್ಮಪ್ಪನಿಗೆ ಏನಂತ ಹೇಳ್ಲಿ ಸಾರ್?"

"ಕೊಳವೆ ಚೆನ್ನಾಗೇ ಇತ್ತು ಅಂತ ಹೇಳಮ್ಮ," ಎಂದರು ಸಾರ್, ಮಂಡಿ ನೀವಿಕೊಳ್ಳುತ್ತ.