ತಣ್ಣಗಿದ್ದಾಗ ನಡುಗುವ ಕಾರು

ಹರಪನಹಳ್ಳಿಯಲ್ಲಿ ಹೆಂಡತಿಗೆ ಬಿ.ಎ. ಪರೀಕ್ಷೆಯಿತ್ತು. ಬಸ್ಸು ತಡವಾದೀತೆಂಬ ಚಿಂತೆಯಿಂದ, ನಮ್ಮ ಹಳೆಯ ಕಾರಿನಲ್ಲೇ ಕರೆದೊಯ್ಯುತ್ತೇನೆಂದು ಒಪ್ಪಿಕೊಂಡಿದ್ದೆ. ಆ ಕಾರೋ, ಬೆಳಿಗ್ಗೆ ಶುರು ಮಾಡಿದೊಡನೆ ಚಳಿಜ್ವರ ಬಂದವರಂತೆ ನಡುಗಿ ಆಫ್ ಆಗುತ್ತಿತ್ತು. ಕೂಡ್ಲಿಗಿಯ ಮೆಕ್ಯಾನಿಕ್ ಒಬ್ಬರ ಬಳಿ ಮೂರು ಸಲ ಒಯ್ದೆ. ಅಲ್ಲಿಗೆ ತಲುಪುವಷ್ಟರಲ್ಲಿ ಎಂಜಿನ್ ಬಿಸಿಯಾಗಿ, ಏನೂ ಆಗೇ ಇಲ್ಲವೆಂಬಂತೆ ಸಮನಾಗಿ ಓಡುತ್ತಿತ್ತು. ಅವರು ನನ್ನನ್ನೇ ಅನುಮಾನದಿಂದ ನೋಡುತ್ತಿದ್ದರು.

ಪರೀಕ್ಷೆಯ ಹಿಂದಿನ ದಿನ ಬೆಳಿಗ್ಗೆ ಅವರೇ ಮನೆಗೆ ಬಂದರು. ತಣ್ಣಗಿದ್ದ ಕಾರು ಎಂದಿನಂತೆ ನಡುಗಿತು. ನನಗೆ ಮೊದಲ ಸಲ ಅದರ ಬಗ್ಗೆ ಹೆಮ್ಮೆಯಾಯಿತು. ಅವರು ಎಂಜಿನ್ನಿನಲ್ಲಿ ಕಿಡಿ ಹೊತ್ತಿಸುವ ಪ್ಲಗ್‌ಗಳನ್ನು ಬಿಚ್ಚಿ ತೋರಿಸಿದರು. ನಾಲ್ಕೂ ಅನ್ನದ ಪಾತ್ರೆಯ ತಳದಂತೆ ಮಸಿ ಹಿಡಿದಿದ್ದವು.

“ಎಂಜಿನ್ ಬಿಸಿ ಆದಮ್ಯಾಗ ಚೋಕ್ ಒಳಗ ತಳ್ತೀರೋ ಇಲ್ಲೋ, ಸರ?”

“ಇಲ್ರಿ. ನಡುದಾರ್ಯಾಗ ಆಫ್ ಆದ್ರ ಏನ್ ಗತಿ ಅಂತ ಅರ್ಧ ಎಳದು, ಬಟ್ಟಿ ಒಣಹಾಕೋ ಕ್ಲಿಪ್ ಸಿಗಿಸಿ ಬಿಟ್ಟೀನಿ.”

“ಅದಕ್ಕ ನೋಡ್ರಿ, ಚೋಕ್ ಇರೋದು ತಣ್ಣಗಿದ್ದಾಗ ಶುರು ಮಾಡಾಕಷ್ಟ. ಪೆಟ್ರೋಲ್ ಜಾಸ್ತಿ ಹೋಗಿ ಮಸಿ ಕಟ್ಟೈತಿ, ತಣ್ಣಗಿದ್ದಾಗ ಕಿಡಿ ಹತ್ತವಲ್ದು. ಗಾಡಿಗೇನೂ ಆಗಿಲ್ಲ.”

ಒಳಗಿನಿಂದ ಹೆಂಡತಿ, “ಇವರಿಗೆ ಆಗಿರೋದಕ್ಕ ಏನಾರ ಔಷಧ ಐತೇನಣ್ಣ?” ಎಂದಳು.

ಅವರು ಪ್ಲಗ್ ಉಜ್ಜಿ ಹಾಕಿಕೊಟ್ಟರು. ಮರುದಿನ ಎರಡು ಮೈಲಿ ದಾಟುತ್ತಲೇ ಅವಳೇ ಕೈಚಾಚಿ ಚೋಕ್ ಒಳಗೆ ತಳ್ಳಿದಳು. ಕಣ್ಣು ಮುಚ್ಚಿಕೊಳ್ಳೋಣವೆನಿಸಿತು, ಓಡಿಸುತ್ತಿದ್ದವನು ನಾನೇ ಆದ್ದರಿಂದ ಮುಚ್ಚಲಿಲ್ಲ. ಕಾರು ನಿಲ್ಲಲಿಲ್ಲ. ಪರೀಕ್ಷೆಗೆ ಒಂದು ಗಂಟೆ ಮೊದಲೇ ತಲುಪಿದೆವು. ಅವಳು ಬೇವಿನ ಮರದಡಿ ಕುಳಿತು ಓದತೊಡಗಿದಳು. ನಾನು ಅವಳ ಪೆನ್ನಿನಲ್ಲಿ ಇಂಕು ಸಾಕಷ್ಟು ಇದೆಯೇ ಎಂದು ಬಿಚ್ಚಿ ನೋಡತೊಡಗಿದೆ.